ಒಂದು ರುಜುವಿನ ಜಗಳ

ಶಾಸಕನೊಬ್ಬ ಅವಧಿಯ ನಡುವೆ ಸ್ಥಾನ ಬಿಟ್ಟರೆ ಅಲ್ಲಿ ಕೂರುವವನನ್ನು ಆರಿಸುವವರು ಯಾರು? ನಮ್ಮ ಲೋಕಸಭೆಯ ಮಟ್ಟಿಗೆ ಉತ್ತರ ಸರಳ: ಉಪಚುನಾವಣೆ. ಅಮೆರಿಕದ ಸೆನೆಟ್ಟಿನಲ್ಲಿ ಹಾಗಲ್ಲ. ಸೆನೆಟರರನ್ನು ಜನರೇ ಆರಿಸಬೇಕೆಂದು ವಿಧಿಸಿದ್ದು ೧೯೧೩ರ ಹದಿನೇಳನೆಯ ತಿದ್ದುಪಡಿ. ಸ್ಥಾನ ತೆರವಾದರೆ ಗವರ್ನರು ಚುನಾವಣೆಗೆ ಆಜ್ಞೆ ಹೊರಡಿಸಬೇಕು. ರಾಜ್ಯದ ಶಾಸನಸಭೆ ಅಧಿಕಾರ ಕೊಟ್ಟಿದ್ದರೆ, ಚುನಾವಣೆಯಾಗುವ ತನಕ ತಾವೇ ಒಬ್ಬರನ್ನು ನೇಮಿಸಬಹುದು. ಈ ‘ತನಕ’ ಎಂಬ ಮಾತಿನಲ್ಲಿ ಎಷ್ಟು ಜಗಳ ಅಡಗಿದೆಯೆಂಬುದಕ್ಕೆ ಇಲಿನಾಯ್ ರಾಜ್ಯದ ಚರಿತ್ರೆಯೇ ಸಾಕ್ಷಿ.

೧೯೨೬ರಲ್ಲಿ ಅಲ್ಲಿನ ಸೆನೆಟರ್ ಮೆಕಿನ್ಲಿ ತೀರಿಕೊಂಡಾಗ ಗವರ್ನರು ಫ್ರಾಂಕ್ ಸ್ಮಿತ್ ಎಂಬುವರನ್ನು ನೇಮಿಸಿದರು. ಮುಂದಿನ ಅವಧಿಗೆ ಜನರಿಂದಲೂ ಆಯ್ಕೆಯಾಗಿದ್ದವರು ಇವರೇ. ಆದರೆ ವಿದ್ಯುತ್ ಕಂಪನಿಗಳ ಮೇಲೆ ಕಣ್ಣಿಡಬೇಕಾದ ಆಯೋಗದ ಅಧ್ಯಕ್ಷರಾಗಿದ್ದುಕೊಂಡೇ, ವಿದ್ಯುತ್ ಉದ್ಯಮಿ ಇನ್‌ಸಲ್ ಅವರಿಂದ ಚುನಾವಣೆಗೆ ದೊಡ್ಡ ಮೊತ್ತ ಪಡೆದಿದ್ದರು. ಸೆನೆಟ್ ಅವರನ್ನು ಒಳಗೆ ಕೂರಿಸಲಿಲ್ಲ.

ಎಂಬತ್ತೆರಡು ವರ್ಷಗಳ ಮೇಲೆ ಕಥೆ ತಿರುವುಮುರುವಾಯಿತು. ಈ ಸಲ ಕಳಂಕದ ಆರೋಪ ನೇಮಕವಾದವರ ಮೇಲಲ್ಲ, ನೇಮಿಸಿದವರ ಮೇಲೆ. ಒಬಾಮ ಅಧ್ಯಕ್ಷರಾಗಿ ಚುನಾಯಿತರಾಗಿ ೨೦೦೮ರ ನವೆಂಬರಿನಲ್ಲಿ ಸೆನೆಟ್ ಸ್ಥಾನ ಬಿಟ್ಟರು. ಆ ಸ್ಥಾನವನ್ನು ಮಾರಲು ಹೊರಟರೆಂಬ ಆರೋಪದ ಮೇಲೆ ಡಿಸೆಂಬರ್ ೯ರಂದು ಗವರ್ನರ್ ಬ್ಲಗೋಯೆವಿಚ್ ಬಂಧಿತರಾದರು. ಇವರು ಯಾರನ್ನು ನೇಮಿಸಿದರೂ ಒಪ್ಪೆವೆಂದು ಅವರದೇ ಪಕ್ಷದ ಸೆನೆಟರರು ಸಾರಿದರು. ಗವರ್ನರು ಕೇಳಲಿಲ್ಲ. ಡಿಸೆಂಬರ್ ೩೦ರಂದು ರಾಜ್ಯದ ಮಾಜಿ ಅಟಾರ್ನಿ ಜನರಲ್ ರೋಲಂಡ್ ಬರಿಸ್ ಅವರನ್ನು ನೇಮಿಸಿಬಿಟ್ಟರು. ಒಬಾಮ ಹೊರಟ ಮೇಲೆ ಸೆನೆಟ್ಟಿನಲ್ಲಿ ಕಪ್ಪು ಜನಾಂಗದವರು ಒಬ್ಬರೂ ಇರಲಿಲ್ಲ. ಬರಿಸ್ ಆ ಜನಾಂಗದವರು. ಅವರನ್ನು ಬಾಗಿಲಲ್ಲಿ ತಡೆಯುವುದು ಸುಲಭದ ಮಾತಾಗಿರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ರಾಜ್ಯ ಕಾರ್ಯದರ್ಶಿ ಜೆಸ್ಸಿ ವೈಟ್ ನೇಮಕಪತ್ರಕ್ಕೆ ರುಜು ಹಾಕಲು ಒಪ್ಪಲಿಲ್ಲ. ಆ ರುಜುವಿಲ್ಲವೆಂಬ ಕಾರಣಕ್ಕೆ ೨೦೦೯ರ ಜನವರಿ ೬ರಂದು ಸೆನೆಟ್ ಬರಿಸ್ ಅವರನ್ನು ಹಿಂದಕ್ಕೆ ಕಳುಹಿಸಿತು. ಅವರು ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. ಜನವರಿ ೯ರಂದು ತೀರ್ಪು ಬಂತು: ನೇಮಕ ಊರ್ಜಿತ, ಕಾರ್ಯದರ್ಶಿ ಅದನ್ನು ದಫ್ತರಿನಲ್ಲಿ ದಾಖಲಿಸಿದ್ದೇ ಸಾಕು, ರುಜು ಬೇಕಿಲ್ಲ. ಆ ದಾಖಲೆಯ ದೃಢೀಕೃತ ನಕಲು ಸಿಕ್ಕಿತು, ಸೆನೆಟ್ ಮಣಿಯಿತು, ಜನವರಿ ೧೫ರಂದು ಬರಿಸ್ ಪ್ರಮಾಣವಚನ ಸ್ವೀಕರಿಸಿದರು. ಎರಡು ವಾರ ಕಳೆಯುವುದರೊಳಗೆ ರಾಜ್ಯದ ಸೆನೆಟ್ ೫೯–೦ ಮತಗಳಿಂದ ಗವರ್ನರನ್ನು ಪದಚ್ಯುತಗೊಳಿಸಿತು.

ವೈಟ್ ಅವರ ಅಂತಃಸಾಕ್ಷಿಗೆ ನಾನು ತಲೆಬಾಗುತ್ತೇನೆ. ಆದರೂ ನ್ಯಾಯಾಲಯ ಹೇಳಿದ್ದೇ ಸರಿ ಎನ್ನಬೇಕಾಗಿದೆ. ದಾಖಲಿಸುವವನ ಲೇಖನಿಗೆ ತಡೆಯುವ ಅಧಿಕಾರ ಬಂದರೆ, ಇಂದು ಅದು ಕೆಟ್ಟ ಗವರ್ನರನ್ನು ತಡೆದೀತು, ನಾಳೆ ಒಳ್ಳೆಯವರನ್ನೂ ತಡೆದೀತು. ಪದಚ್ಯುತಿಯ ದಿನದವರೆಗೆ ಬ್ಲಗೋಯೆವಿಚ್ ಗವರ್ನರೇ ಆಗಿದ್ದರು.

ಹಾಗಾದರೆ ತಪ್ಪಿದ್ದು ಎಲ್ಲಿ? ನನ್ನ ದೃಷ್ಟಿಯಲ್ಲಿ, ಶಾಸನಸಭೆಯಲ್ಲಿ. ಬಂಧನವಾದ ಕೂಡಲೇ ವಿಶೇಷ ಚುನಾವಣೆಯ ಮಾತು ಎದ್ದಿತ್ತು. ಅದು ಕಾನೂನಾಗಲಿಲ್ಲ. ಗವರ್ನರು ನೇಮಿಸಬಾರದೆಂದು ಕೂಗಿದವರು ಜನರನ್ನು ಕೇಳುವುದಕ್ಕೂ ಮುಂದಾಗಲಿಲ್ಲ. ತಿದ್ದುಪಡಿಯ ಮೂಲ ಆಶಯವನ್ನು ನೆನಪಿಸಲು ಮತದಾರರೇ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ನೇಮಕ ತಾತ್ಕಾಲಿಕ, ಚುನಾವಣೆ ಕಡ್ಡಾಯವೆಂದು ಮೇಲ್ಮನವಿ ನ್ಯಾಯಾಲಯ ೨೦೧೦ರಲ್ಲಿ ಹೇಳಿತು. ಅದರಂತೆ ಆ ವರ್ಷದ ನವೆಂಬರ್ ೨ರಂದು ಇಲಿನಾಯ್ ಜನ ಒಂದೇ ಸ್ಥಾನಕ್ಕೆ ಎರಡು ಸಲ ಮತ ಹಾಕಿದರು: ಒಂದು ಮುಂದಿನ ಆರು ವರ್ಷಕ್ಕೆ, ಇನ್ನೊಂದು ಒಬಾಮ ಬಿಟ್ಟ ಅವಧಿಯಲ್ಲಿ ಉಳಿದ ಕೆಲವು ವಾರಗಳಿಗೆ. ಎರಡರಲ್ಲೂ ಗೆದ್ದವರು ಎದುರು ಪಕ್ಷದ ಮಾರ್ಕ್ ಕರ್ಕ್.

ಕೆಲವು ವಾರಗಳಿಗಾಗಿ ಇಷ್ಟು ವ್ಯಾಜ್ಯವೇ ಎಂದು ನಗುವವರುಂಟು. ನಾನು ನಗಲಾರೆ. ಎರಡು ವರ್ಷ ತಡವಾಗಿಯಾದರೂ ಆ ಸ್ಥಾನ ಯಾರದೋ ಅವರ ಕೈಗೆ ಮರಳಿದ್ದು ಆ ವಾರಗಳಲ್ಲಿಯೇ.