ಕ್ರಿಯಾತ್ಮಕ ನರರೋಗ: ರೋಗನಿರ್ಣಯದ ಇತಿಹಾಸ

ನರಮಂಡಲದ ರಚನೆಗೆ ಹಾನಿಯಾಗದಿದ್ದರೂ ಅದರ ಕೆಲಸ ಹಳಿತಪ್ಪಿದಾಗ ಬರುವ ಕೈಕಾಲಿನ ಬಲಹೀನತೆ, ನಡುಕ, ಫಿಟ್ಸ್‌ನಂಥ ಸೆಳವು, ಮರಗಟ್ಟುವಿಕೆ ಮೊದಲಾದವುಗಳಿಗೆ ಕ್ರಿಯಾತ್ಮಕ ನರರೋಗ ಎಂದು ಹೆಸರು. ಬಹುಕಾಲ ಇವೆಲ್ಲ ಹಿಸ್ಟೀರಿಯಾ ಎನಿಸಿಕೊಂಡಿದ್ದವು. ಪ್ರಾಚೀನ ಗ್ರೀಕ್ ವೈದ್ಯರು ದೋಷವನ್ನು ಗರ್ಭಕೋಶದ ಮೇಲೆ ಹೊರಿಸಿದರು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅದರ ಮೂಲವನ್ನು ಮಿದುಳಿನಲ್ಲಿ ಹುಡುಕಿದ.

ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ (1825–1893) ಇದನ್ನು ನರವಿಜ್ಞಾನದ ವಿಷಯವಾಗಿ ಅಭ್ಯಸಿಸಿ, ಗಂಡಸರಲ್ಲೂ ಉಂಟೆಂದು ತೋರಿಸಿದ. ಆದರೆ ನೆರೆದವರ ಎದುರು ರೋಗಿಗಳನ್ನು ಸಂಮೋಹನಕ್ಕೆ ಒಳಪಡಿಸುತ್ತಿದ್ದ ಅವನ ಪ್ರದರ್ಶನಗಳಲ್ಲಿ ರೋಗವೆಷ್ಟು, ಸೂಚನೆಯ ಪ್ರಭಾವವೆಷ್ಟು ಎಂಬ ಅನುಮಾನ ಉಳಿಯಿತು. ಹಿಸ್ಟೀರಿಯಾವನ್ನು ನರಹಾನಿಯಿಂದ ಬೇರ್ಪಡಿಸುವ ಸಾಧನ ಕೊಟ್ಟವನು ಅವನ ಶಿಷ್ಯ ಬಾಬಿನ್‌ಸ್ಕಿ. ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆದ್ದರೆ ನರಮಾರ್ಗಕ್ಕೆ ಪೆಟ್ಟಾಗಿದೆ, ಹಿಸ್ಟೀರಿಯಾದಲ್ಲಿ ಹಾಗಾಗದು ಎಂಬುದು 1896ರಲ್ಲಿ ಅವನು ವರದಿಮಾಡಿದ ಪರೀಕ್ಷೆಯ ಸಾರ.

ಇದು 'ಏನಿಲ್ಲ' ಎಂಬುದನ್ನು ಹೇಳಿತು. 'ಏನಿದೆ' ಎಂಬುದನ್ನು ತೋರಿಸಿದ್ದು 1908ರಲ್ಲಿ ಅಮೆರಿಕದ ಚಾರ್ಲ್ಸ್ ಹೂವರ್ ಪ್ರಕಟಿಸಿದ ಚಿಹ್ನೆ. ಅಂಗಾತ ಮಲಗಿದ ರೋಗಿಗೆ ಸೋತ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲು ಹೇಳಿದರೆ ಬಲ ಸಾಲದು. ಅದೇ ಆತ ಇನ್ನೊಂದು ಕಾಲನ್ನು ವೈದ್ಯರ ಕೈಗೆದುರಾಗಿ ಎತ್ತುವಾಗ, ಸೋತ ಕಾಲಿನ ಹಿಮ್ಮಡಿ ತಾನಾಗಿಯೇ ಗಟ್ಟಿಯಾಗಿ ಕೆಳಗೊತ್ತುತ್ತದೆ. ನರದ ದಾರಿ ತೆರೆದೇ ಇದೆ. ಬೇಕೆಂದು ಮಾಡಹೊರಟಾಗ ಮಾತ್ರ ಚಲನೆ ತಡೆಯುತ್ತದೆ. ಹೂವರ್ ಇದನ್ನು ಸೋಗುಗಾರರನ್ನು ಪತ್ತೆಹಚ್ಚಲೂ ಸೂಚಿಸಿದ್ದ. ನಿಜಕ್ಕೂ ಸೋಗನ್ನೂ ಕಾಯಿಲೆಯನ್ನೂ ಬೇರ್ಪಡಿಸುವ ಶಕ್ತಿ ಈ ಪರೀಕ್ಷೆಗಿಲ್ಲ.

ಅಷ್ಟರಲ್ಲಿ ಹಿಸ್ಟೀರಿಯಾ ಕುರಿತ ಬ್ರಾಯರ್ ಮತ್ತು ಫ್ರಾಯ್ಡ್‌ರ 1895ರ ಗ್ರಂಥದ ಪ್ರಭಾವದಿಂದ ವೈದ್ಯರ ಗಮನ ಕಾಲಿನಿಂದ ಬಾಲ್ಯದ ಕಡೆಗೆ ಹೊರಳಿತ್ತು. ಮಾನಸಿಕ ಆಘಾತ ಸಿಗಲೇಬೇಕು, ಬೇರೆಲ್ಲ ರೋಗಗಳನ್ನು ತಳ್ಳಿಹಾಕಲೇಬೇಕು ಎಂಬುದು ರೂಢಿಯಾಯಿತು. 1965ರಲ್ಲಿ ಮನೋವೈದ್ಯ ಎಲಿಯಟ್ ಸ್ಲೇಟರ್, ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಹಿಸ್ಟೀರಿಯಾ ಎಂದು ಗುರುತಿಸಲಾಗಿದ್ದ 85 ಜನರ ಮುಂದಿನ ಸ್ಥಿತಿಯನ್ನು ಪರಿಶೀಲಿಸಿ, ಈ ರೋಗನಿರ್ಣಯವೇ ಅಜ್ಞಾನದ ಮುಸುಕೆಂದು ವಾದಿಸಿದ. ನಿರ್ಣಯ ತಪ್ಪಾದೀತೆಂದು ದಶಕಗಳ ಕಾಲ ವೈದ್ಯರು ಆ ಹೆಸರೆತ್ತಲು ಅಳುಕಿದರು. ನರವೈದ್ಯ ಜಾನ್ ಸ್ಟೋನ್ ಮತ್ತು ಸಂಗಡಿಗರ 2005ರ ಸಮೀಕ್ಷೆಯು 1970ರ ದಶಕದಿಂದೀಚೆಗೆ ತಪ್ಪು ನಿರ್ಣಯ ಶೇ. 4ರಷ್ಟೇ ಎಂದು ತೋರಿಸಿದಾಗ ಈ ಭಯಕ್ಕೆ ಆಧಾರ ಕಡಿಮೆಯಾಯಿತು.

ಸೆಳವುಗಳ ವಿಷಯದಲ್ಲಿ, ಸೆಳವನ್ನೂ ಆ ಹೊತ್ತಿನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ಒಟ್ಟಿಗೆ ದಾಖಲಿಸುವ ವಿಡಿಯೊ-ಇಇಜಿ ನೆರವಿಗೆ ಬಂತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 (2013) ಮಾನಸಿಕ ಒತ್ತಡದ ಷರತ್ತನ್ನು ಕೈಬಿಟ್ಟು, ತಪಾಸಣೆಯಲ್ಲಿ ಕಾಣುವ ಲಕ್ಷಣಗಳಿಗೆ ಒತ್ತುಕೊಟ್ಟಿತು. ಅಪಸ್ಮಾರವೋ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ ಇರುವವರಿಗೂ ಕ್ರಿಯಾತ್ಮಕ ನರರೋಗ ಜೊತೆಯಾಗಿ ಬರಬಹುದಾದ್ದರಿಂದ, ಒಂದು ಸಿಕ್ಕಿತೆಂದು ಇನ್ನೊಂದರ ಹುಡುಕಾಟ ನಿಲ್ಲಿಸುವಂತಿಲ್ಲ. ಈಗ ಹಲವು ನರವೈದ್ಯರು ಹೂವರ್ ಚಿಹ್ನೆಯನ್ನು ರೋಗಿಗೇ ಮಾಡಿ ತೋರಿಸಿ, ಕಾಲಿನ ಬಲ ಉಳಿದಿದೆ, ಚೇತರಿಕೆ ಸಾಧ್ಯ ಎಂದು ವಿವರಿಸುತ್ತಾರೆ.