ಪ್ರಮಾಣವಚನ ಮತ್ತು ನಿರೀಶ್ವರವಾದಿ: ಒಂದು ಚಾರಿತ್ರಿಕ ಪರಿಶೀಲನೆ

ಕನ್ನಡದಲ್ಲಿ ‘ಪ್ರಮಾಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಶಾಸ್ತ್ರದಲ್ಲಿ ಅದು ಯಥಾರ್ಥ ಜ್ಞಾನದ ಸಾಧನ. ಪ್ರತ್ಯಕ್ಷ, ಅನುಮಾನ ಮೊದಲಾದವು ಪ್ರಮಾಣಗಳು. ಲೋಕವ್ಯವಹಾರದಲ್ಲಿ ಅದು ಆಣೆ. ದೈವವನ್ನು ಸಾಕ್ಷಿಯಾಗಿಟ್ಟು ಆಡುವ ಮಾತು. ಮೊದಲನೆಯ ಅರ್ಥದಲ್ಲಿ ಮಾತನ್ನು ಪರೀಕ್ಷಿಸಿ ಒಪ್ಪುತ್ತೇವೆ. ಎರಡನೆಯದರಲ್ಲಿ ಮಾತಿಗೆ ದೈವವೇ ಹೊಣೆಯೆಂದು ನಂಬುತ್ತೇವೆ. ಧರ್ಮಸ್ಥಳದ ಮಂಜುನಾಥ ಮಾತು ಬಿಡನೆಂಬ ಜನರ ನುಡಿಯ ಹಿಂದೆ ಇರುವುದು ಈ ಎರಡನೆಯ ಅರ್ಥ.

ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರ ಇವೆರಡನ್ನೂ ಬಲ್ಲದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ತುಲಾ, ಅಗ್ನಿ, ಜಲ, ವಿಷ, ಕೋಶವೆಂಬ ದಿವ್ಯಗಳ ವಿಸ್ತಾರವಾದ ವಿವೇಚನೆಯಿದೆ. ಆದರೆ ಸ್ಮೃತಿಯ ಪ್ರಕಾರ ಮೊದಲು ಪರಿಗಣಿಸಬೇಕಾದವು ಲಿಖಿತ, ಭುಕ್ತಿ ಮತ್ತು ಸಾಕ್ಷಿಗಳು. ಇವು ದೊರೆಯದಿದ್ದಾಗ ಮಾತ್ರ ದಿವ್ಯದ ಸರದಿ. ಮಾನುಷ ಪ್ರಮಾಣವಿರುವಲ್ಲಿ ದೈವವನ್ನು ಕರೆಯಬೇಕಾದ ಅಗತ್ಯವಿಲ್ಲವೆಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ದೈವವನ್ನು ಒಪ್ಪದವನ ಮಾತಿಗೆ ಆಧಾರ ಯಾವುದು? ನ್ಯಾಯಾಲಯದ ಕಟಕಟೆಯಲ್ಲಿ, ಶಾಸನಸಭೆಯ ಬಾಗಿಲಲ್ಲಿ, ವಿವಾಹ ನೋಂದಣಿಯ ಮೇಜಿನ ಮುಂದೆ ಆಧುನಿಕ ಪ್ರಭುತ್ವ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದೆ. ಸಾರ್ವಜನಿಕ ಜೀವನದಲ್ಲಿ ಮತಧರ್ಮದ ಪಾತ್ರದ ಬಗ್ಗೆ ಕೆಲವು ನಿರೀಶ್ವರವಾದಿಗಳು ತೋರುವ ಬೇಸರವನ್ನು ಸಾಮಾನ್ಯವಾಗಿ ಅನ್ಯರ ಭಕ್ತಿಯ ಮೇಲಿನ ಅಸಹನೆಯೆಂದು ತಿಳಿಯಲಾಗುತ್ತದೆ. ಪ್ರಮಾಣವಚನದ ಇತಿಹಾಸ ಬೇರೊಂದು ಕಾರಣವನ್ನು ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ. ಪ್ರಾಮಾಣಿಕತೆಯನ್ನು ಶ್ರದ್ಧೆಯಿಂದ ಅಳೆಯುವ ಪದ್ಧತಿಯೇ ಆ ಬೇಸರದ ಮೂಲ. ‘ನಾಸ್ತಿಕ’ ಎಂಬ ಪದಕ್ಕೆ ಕನ್ನಡದಲ್ಲಿ ನಿಂದೆಯ ಛಾಯೆ ಅಂಟಿರುವುದರಿಂದ ಇಲ್ಲಿ ‘ನಿರೀಶ್ವರವಾದಿ’ ಎಂಬುದನ್ನೇ ಬಳಸಿದ್ದೇವೆ.

1

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಆಣೆಯಿಡದೆ ಸತ್ಯವನ್ನು ದೃಢೀಕರಿಸುವ ಕ್ರಮ ಅಲ್ಲಿ ನಿರೀಶ್ವರವಾದಿಗಳಿಂದ ಆರಂಭವಾದದ್ದಲ್ಲವೆಂಬುದನ್ನು ಮೊದಲು ಗಮನಿಸಬೇಕು. ಆಣೆಯಿಡಕೂಡದೆಂಬ ಬೈಬಲಿನ ವಿಧಿಯನ್ನು ಅಕ್ಷರಶಃ ಪಾಲಿಸುತ್ತಿದ್ದ ಕ್ವೇಕರ್ ಪಂಥದ ಭಕ್ತರಿಗಾಗಿ 1696ರಲ್ಲಿ ಆ ಅವಕಾಶ ಕಲ್ಪಿಸಲಾಯಿತು. ಮುಂದೆ ಪ್ರಮಾಣವಚನದಲ್ಲಿದ್ದ ಕ್ರೈಸ್ತಶ್ರದ್ಧೆಯ ಮಾತುಗಳ ಕಾರಣದಿಂದ ಯಹೂದಿಯಾದ ಲಯೊನೆಲ್ ಡಿ ರಾಥ್ಸ್‌ಚೈಲ್ಡ್ 1847ರಲ್ಲಿ ಚುನಾಯಿತನಾದರೂ 1858ರವರೆಗೆ ಕಾಮನ್ಸ್ ಸಭೆಯಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಹೀಗೆ ಬಾಗಿಲು ಒಂದೊಂದೇ ಪಂಥಕ್ಕೆ ತೆರೆಯುತ್ತ ಬಂದು, ಕೊನೆಗೆ ಯಾವ ಪಂಥಕ್ಕೂ ಸೇರದವನ ಮುಂದೆ ನಿಂತಿತು.

ಅಂಥವರ ಸ್ಥಿತಿಯಲ್ಲಿದ್ದ ವಿಪರ್ಯಾಸವನ್ನು ಜಾನ್ ಸ್ಟುಅರ್ಟ್ ಮಿಲ್ 1859ರಲ್ಲಿ ಪ್ರಕಟವಾದ ತನ್ನ ಸ್ವಾತಂತ್ರ್ಯವಿಷಯಕ ಗ್ರಂಥದಲ್ಲಿ ಎತ್ತಿ ತೋರಿಸಿದ್ದ. ದೇವರಲ್ಲಿ ನಂಬಿಕೆಯಿಲ್ಲವೆಂದು ನಿಜ ನುಡಿದವನ ಸಾಕ್ಷ್ಯವನ್ನು ನ್ಯಾಯಾಲಯ ನಿರಾಕರಿಸುತ್ತಿತ್ತು. ನಂಬಿಕೆಯಿದೆಯೆಂದು ಸುಳ್ಳು ಹೇಳಿದವನ ಸಾಕ್ಷ್ಯವನ್ನು ಸ್ವೀಕರಿಸುತ್ತಿತ್ತು. ಸತ್ಯವನ್ನು ಕಾಯಬೇಕಾದ ವಿಧಿ ಸತ್ಯವಂತನನ್ನೇ ಹೊರಗಿಡುತ್ತಿತ್ತು. 1869 ಮತ್ತು 1870ರ ಸಾಕ್ಷ್ಯ ತಿದ್ದುಪಡಿ ಕಾಯಿದೆಗಳು ನ್ಯಾಯಾಲಯಗಳ ಮಟ್ಟಿಗೆ ಈ ದೋಷವನ್ನು ನಿವಾರಿಸಿದವು. ಪಾರ್ಲಿಮೆಂಟಿನ ಪ್ರಶ್ನೆ ಹಾಗೆಯೇ ಉಳಿಯಿತು.

1866ರಲ್ಲಿ ಸ್ಥಾಪಿತವಾದ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯ ನಾಯಕ ಚಾರ್ಲ್ಸ್ ಬ್ರಾಡ್‌ಲಾ (1833-1891) 1880ರಲ್ಲಿ ನಾರ್ತ್‌ಹ್ಯಾಂಪ್ಟನ್ ಕ್ಷೇತ್ರದಿಂದ ಚುನಾಯಿತನಾದ. ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಬೇಕೆಂದು ಕೋರಿದಾಗ ಸಭೆ ಅದನ್ನು ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಸ್ವೀಕರಿಸುತ್ತೇನೆಂದಾಗ, ಆ ಮಾತುಗಳಲ್ಲಿ ನಂಬಿಕೆಯಿಲ್ಲದವನನ್ನು ಪ್ರಮಾಣ ಬಂಧಿಸಲಾರದೆಂದು ಅದನ್ನೂ ತಡೆಯಲಾಯಿತು. ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು. ಜೂನ್ 23ರಂದು ಸಭೆಯಿಂದ ಹೊರಹೋಗಲೊಪ್ಪದ ಅವನನ್ನು ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಬಂಧನದಲ್ಲಿರಿಸಿದರು. 1881ರ ಆಗಸ್ಟ್ 3ರಂದು ಬಲಪ್ರಯೋಗದಿಂದ ಹೊರದಬ್ಬಿದರು. ನಾರ್ತ್‌ಹ್ಯಾಂಪ್ಟನ್ನಿನ ಮತದಾರರು ಮಾತ್ರ 1881, 1882 ಮತ್ತು 1884ರ ಉಪಚುನಾವಣೆಗಳಲ್ಲೂ 1885ರ ಸಾರ್ವತ್ರಿಕ ಚುನಾವಣೆಯಲ್ಲೂ ಅವನನ್ನೇ ಆರಿಸಿ ಕಳಿಸಿದರು.

1883ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ದೃಢೀಕರಣದ ಮಸೂದೆಯನ್ನು ಸಮರ್ಥಿಸಿ ಮಾಡಿದ ಭಾಷಣ ಪ್ರಸಿದ್ಧವಾದದ್ದು. ಗ್ಲ್ಯಾಡ್‌ಸ್ಟನ್ ನಿಷ್ಠಾವಂತ ಆಸ್ತಿಕ. ಬ್ರಾಡ್‌ಲಾನ ವಿಚಾರಗಳನ್ನು ಒಪ್ಪದವನು. ಆದರೂ ಪೌರಹಕ್ಕಿಗೆ ಮತಶ್ರದ್ಧೆಯ ಷರತ್ತು ವಿಧಿಸುವುದು ಶ್ರದ್ಧೆಗೇ ಕೇಡೆಂಬುದು ಅವನ ನಿಲುವಾಗಿತ್ತು. ಮಸೂದೆ 289ಕ್ಕೆ 292ರಂತೆ, ಕೇವಲ ಮೂರು ಮತಗಳಿಂದ ಬಿದ್ದುಹೋಯಿತು. 1886ರಲ್ಲಿ ನೂತನ ಸಭಾಧ್ಯಕ್ಷರು ಯಾವ ಅಡ್ಡಿಗೂ ಎಡೆಗೊಡದೆ ಬ್ರಾಡ್‌ಲಾನಿಂದ ಪ್ರಮಾಣ ಸ್ವೀಕರಿಸಿದರು. ಅವನದೇ ಪ್ರಯತ್ನದಿಂದ 1888ರಲ್ಲಿ ಪ್ರಮಾಣ ಕಾಯಿದೆ ಅಂಗೀಕೃತವಾಗಿ ದೃಢೀಕರಣ ಎಲ್ಲರ ಹಕ್ಕಾಯಿತು. 1891ರ ಜನವರಿ 27ರಂದು ಸಭೆ ತನ್ನ ಹಳೆಯ ಬಹಿಷ್ಕಾರ ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಿತು. ಮೂರು ದಿನಗಳ ಅನಂತರ, ಜನವರಿ 30ರಂದು, ಬ್ರಾಡ್‌ಲಾ ತೀರಿಕೊಂಡ.

2

ಬ್ರಾಡ್‌ಲಾ ಭಾರತಕ್ಕೆ ಅಪರಿಚಿತನಲ್ಲ. ಕಾಮನ್ಸ್ ಸಭೆಯಲ್ಲಿ ಭಾರತದ ಪರವಾಗಿ ನಿರಂತರವಾಗಿ ದನಿಯೆತ್ತಿದ ಅವನು 1889ರ ಡಿಸೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ. ಲಂಡನ್ನಿನಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಗಾಂಧಿಯವರು ಅವನ ಅಂತ್ಯಕ್ರಿಯೆಗೆ ಹೋಗಿದ್ದುದನ್ನು ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಿರೀಶ್ವರವಾದಿ ಪಾದ್ರಿಯೊಬ್ಬರನ್ನು ಕೆಣಕಿ ವಾದಕ್ಕೆಳೆದುದನ್ನು ಕಂಡು, ಆ ವಾದದ ಬಗ್ಗೆ ತಮಗಿದ್ದ ಪ್ರತಿಕೂಲ ಭಾವನೆ ಹೆಚ್ಚಿತೆಂದೂ ಅವರು ಹೇಳುತ್ತಾರೆ. ನ್ಯಾಯವಾದ ಬೇಸರ ಕುಹಕವಾಗಿ ಮಾರ್ಪಟ್ಟರೆ ಸಹಾನುಭೂತಿಯುಳ್ಳವರನ್ನೂ ದೂರ ಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಭಾರತದಲ್ಲಿ ಈ ಪ್ರಶ್ನೆ ಬೇರೆ ದಾರಿಯಲ್ಲಿ ಬಂದಿತು. ಕಂಪನಿಯ ನ್ಯಾಯಾಲಯಗಳಲ್ಲಿ ಹಿಂದೂಗಳು ಗಂಗಾಜಲದ ಮೇಲೂ ಮುಸಲ್ಮಾನರು ಕುರಾನಿನ ಮೇಲೂ ಆಣೆಯಿಡಬೇಕಾಗಿತ್ತು. ಇದು ಅವರ ಮನಸ್ಸಾಕ್ಷಿಗೆ ಒಗ್ಗದೆ ನ್ಯಾಯದಾನಕ್ಕೆ ಅಡ್ಡಿಯಾಗಿದೆಯೆಂದು 1840ರ ಐದನೆಯ ಕಾಯಿದೆ ಅಂಥ ಆಣೆಗಳನ್ನು ನಿಲ್ಲಿಸಿ, ಸರ್ವಶಕ್ತ ದೇವರ ಸನ್ನಿಧಿಯಲ್ಲಿ ಎಂಬ ಒಕ್ಕಣೆಯುಳ್ಳ ದೃಢೀಕರಣವನ್ನು ವಿಧಿಸಿತು. 1873ರ ಭಾರತೀಯ ಪ್ರಮಾಣ ಕಾಯಿದೆ ಹಿಂದೂ ಮತ್ತು ಮುಸಲ್ಮಾನ ಸಾಕ್ಷಿಗಳೊಂದಿಗೆ, ಪ್ರಮಾಣಕ್ಕೆ ಆಕ್ಷೇಪವಿರುವ ಇತರರಿಗೂ ದೃಢೀಕರಣದ ಅವಕಾಶ ನೀಡಿತು. ಕ್ವೇಕರರಂತೆ ಇಲ್ಲಿಯೂ ದಾರಿ ಮಾಡಿಕೊಟ್ಟವರು ಭಕ್ತರೇ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಅದೇ ಕಾಲದಲ್ಲಿ ದೊರೆಯುತ್ತದೆ. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ 1872ರ ವಿಶೇಷ ವಿವಾಹ ಕಾಯಿದೆಯಡಿ ವಧೂವರರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮೊದಲಾದ ಯಾವ ಮತವನ್ನೂ ಅನುಸರಿಸುವವರಲ್ಲವೆಂದು ಘೋಷಿಸಬೇಕಾಗಿತ್ತು. ನಿರೀಶ್ವರವಾದಿಗೆ ಇದು ಅನುಕೂಲವೇ; ಆದರೆ ತಮ್ಮ ಮತವನ್ನು ಬಿಡದೆ ಅನ್ಯಮತೀಯರನ್ನು ವರಿಸಲಿಚ್ಛಿಸಿದವರು ನೋಂದಣಿಗಾಗಿ ಸುಳ್ಳಾಡಬೇಕಾಯಿತು. 1923ರ ತಿದ್ದುಪಡಿ ಈ ಕಷ್ಟವನ್ನು ಭಾಗಶಃ ಪರಿಹರಿಸಿತು. 1954ರ ಹೊಸ ಕಾಯಿದೆ ಘೋಷಣೆಯನ್ನೇ ಕೈಬಿಟ್ಟಿತು. ಪ್ರಭುತ್ವವು ಶ್ರದ್ಧೆಯ ಘೋಷಣೆಯನ್ನು ಬಲವಂತಪಡಿಸಿದಾಗ ನಿರೀಶ್ವರವಾದಿಗೂ, ಅಶ್ರದ್ಧೆಯ ಘೋಷಣೆಯನ್ನು ಬಲವಂತಪಡಿಸಿದಾಗ ಆಸ್ತಿಕನಿಗೂ ಆಗುವ ಅನ್ಯಾಯ ಒಂದೇ ಬಗೆಯದು.

3

ಸ್ವತಂತ್ರ ಭಾರತದ ಸಂವಿಧಾನ ಸಭೆ ಈ ವಿಷಯವನ್ನು ಎರಡು ಸಲ ಎದುರಿಸಿತು. ಎರಡು ಸಂದರ್ಭಗಳಲ್ಲೂ ಪ್ರಮುಖ ಪಾತ್ರ ವಹಿಸಿದವರು ಹರಿ ವಿಷ್ಣು ಕಾಮತರು. 1907ರಲ್ಲಿ ಮಂಗಳೂರಿನಲ್ಲಿ ಜನಿಸಿ, ಐ.ಸಿ.ಎಸ್. ಹುದ್ದೆಯನ್ನು ತ್ಯಜಿಸಿ ಸ್ವಾತಂತ್ರ್ಯ ಚಳವಳಿಯನ್ನು ಸೇರಿದ ಅವರು ಮಧ್ಯಪ್ರಾಂತ ಮತ್ತು ಬೇರಾರಿನ ಪ್ರತಿನಿಧಿಯಾಗಿದ್ದರು. ಕರಾವಳಿಯಿಂದ ಹೊರಟು ಹೊರನಾಡಿನಲ್ಲಿ ಸಾರ್ವಜನಿಕ ಜೀವನ ನಡೆಸಿದವರು. ಸಂವಿಧಾನದ ಕರಡಿನಲ್ಲಿದ್ದ ರಾಷ್ಟ್ರಪತಿಯ ಪ್ರಮಾಣವಚನದಲ್ಲಿ ದೇವರ ಹೆಸರಿರಲಿಲ್ಲ. 1948ರ ಡಿಸೆಂಬರಿನ ಚರ್ಚೆಯಲ್ಲಿ ಕಾಮತರು ಮತ್ತಿತರರು ಅದನ್ನು ಸೇರಿಸಬೇಕೆಂದರು. ಕೊನೆಗೆ ಒಪ್ಪಿತವಾದ ರೂಪದಲ್ಲಿ ದೇವರ ಹೆಸರಿನ ಪ್ರಮಾಣ ಮತ್ತು ಸತ್ಯನಿಷ್ಠೆಯ ದೃಢೀಕರಣ ಎರಡೂ ಅಕ್ಕಪಕ್ಕದಲ್ಲಿ, ಆಯ್ಕೆಗೆ ಬಿಟ್ಟಂತೆ ನಿಂತವು. ಸಂವಿಧಾನದ ಮೂರನೆಯ ಅನುಸೂಚಿಯ ಪ್ರಮಾಣವಚನಗಳಲ್ಲಿಯೂ ಇದೇ ಕ್ರಮವಿದೆ.

ಎರಡನೆಯ ಸಂದರ್ಭ 1949ರ ಅಕ್ಟೋಬರ್ 17ರದು. ಪೀಠಿಕೆಯನ್ನು ದೇವರ ಹೆಸರಿನಿಂದಲೇ ಆರಂಭಿಸಬೇಕೆಂದು ಕಾಮತರು ಸೂಚಿಸಿದರು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈಯವರು ತಾವು ಆಸ್ತಿಕರಾಗಿದ್ದರೂ ಇದು ಶ್ರದ್ಧೆಯ ವಿಷಯದಲ್ಲಿ ಬಲವಂತವಾಗುತ್ತದೆಂದು ವಿರೋಧಿಸಿದರು. ಹೃದಯನಾಥ ಕುಂಜ್ರು ಅವರೂ ಒಪ್ಪಲಿಲ್ಲ. ಇಂಥ ವಿಷಯವನ್ನು ಮತಕ್ಕೆ ಹಾಕುವುದು ಬೇಡವೆಂಬ ಸಲಹೆ ಬಂದರೂ ಕಾಮತರು ಪಟ್ಟು ಬಿಡಲಿಲ್ಲ. ಸೂಚನೆಯ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದವು. ಆ 68 ಜನ ನಿರೀಶ್ವರವಾದಿಗಳಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಆಸ್ತಿಕರೆಂಬುದರಲ್ಲಿ ಸಂಶಯವಿಲ್ಲ. ವ್ಯಕ್ತಿಯ ಪ್ರಮಾಣದಲ್ಲಿ ಆಯ್ಕೆ ಸಾಧ್ಯ. ಸಮಸ್ತ ಜನತೆಯ ಹೆಸರಿನಲ್ಲಿ ನುಡಿಯುವ ಪೀಠಿಕೆಯಲ್ಲಿ ಆಯ್ಕೆಗೆ ಎಡೆಯಿಲ್ಲ. ಎರಡು ನಿರ್ಣಯಗಳ ನಡುವಣ ವ್ಯತ್ಯಾಸದ ತರ್ಕವನ್ನು ನಾವು ಹೀಗೆ ಅರ್ಥೈಸುತ್ತೇವೆ.

‘ದೇವರು’ ಎಂಬುದು ಎಲ್ಲರಿಗೂ ಸಮಾನವಾದ ಪದವೆಂಬ ಕಾಮತರ ಪಕ್ಷದ ಗೃಹೀತವೂ ಚರ್ಚಾರ್ಹ. ಕನ್ನಡದ ಆದಿಕವಿ ಪಂಪನು ಅವಲಂಬಿಸಿದ ಜೈನದರ್ಶನ ಜಗತ್ಕರ್ತೃವಾದ ಈಶ್ವರನನ್ನು ಅಂಗೀಕರಿಸುವುದಿಲ್ಲ, ಬೌದ್ಧದರ್ಶನವೂ ಹಾಗೆಯೇ. ದೃಢೀಕರಣದ ವಾಕ್ಯ ಬೆರಳೆಣಿಕೆಯ ವಿಚಾರವಾದಿಗಳಿಗೆ ತೋರಿದ ಔದಾರ್ಯವಲ್ಲ. ಈ ನೆಲದ ದರ್ಶನವೈವಿಧ್ಯಕ್ಕೆ ಸಲ್ಲಬೇಕಾದದ್ದು.

4

ನಿರೀಶ್ವರವಾದಿಯ ಮಾತಿಗೆ ದೈವೇತರ ಆಧಾರವೇನೆಂಬ ಪ್ರಶ್ನೆಗೆ ಆಂಧ್ರದ ಗೋರಾ (ಗೋಪರಾಜು ರಾಮಚಂದ್ರ ರಾವ್, 1902-1975) ಅವರ ಜೀವನ ಒಂದು ಉತ್ತರ. 1940ರಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ ಅಸ್ಪೃಶ್ಯತಾ ನಿವಾರಣೆಯಲ್ಲಿ ತೊಡಗಿದ್ದ ಅವರು ಸೇವಾಗ್ರಾಮದಲ್ಲಿ ಗಾಂಧಿಯವರೊಡನೆ ನಡೆಸಿದ ಸಂವಾದಗಳನ್ನು ಗ್ರಂಥರೂಪದಲ್ಲಿ ದಾಖಲಿಸಿದ್ದಾರೆ. 1931ರ ವೇಳೆಗಾಗಲೇ ಗಾಂಧಿಯವರು ‘ದೇವರೇ ಸತ್ಯ’ ಎಂಬುದರಿಂದ ‘ಸತ್ಯವೇ ದೇವರು’ ಎಂಬಲ್ಲಿಗೆ ಬಂದಿದ್ದರು. ಸತ್ಯದ ಶಕ್ತಿಯನ್ನು ನಿರೀಶ್ವರವಾದಿಯೂ ಅಲ್ಲಗಳೆಯನೆಂಬುದು ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲೊಂದು. ಗೋರಾ ಅವರ ಮಗಳ ವಿವಾಹವನ್ನು ಆಶ್ರಮದಲ್ಲಿ ನಡೆಸಿಕೊಡಲು ಗಾಂಧಿಯವರು ಒಪ್ಪಿದ್ದರು. ಅವರ ಹತ್ಯೆಯ ಅನಂತರ, 1948ರ ಮಾರ್ಚಿನಲ್ಲಿ ನಡೆದ ಆ ವಿವಾಹದ ಪ್ರತಿಜ್ಞೆಯಲ್ಲಿ ದೇವರ ಸ್ಥಾನದಲ್ಲಿ ಸತ್ಯವನ್ನು ಇರಿಸಲಾಯಿತು. ರೈಲು ನಿಲ್ದಾಣದ ವಾಗ್ವಾದದಿಂದ ಸೇವಾಗ್ರಾಮದ ವಿವಾಹವೇದಿಕೆಯವರೆಗಿನ ಈ ದೂರ ಅಲ್ಪವಾದದ್ದಲ್ಲ.

ಕರ್ನಾಟಕದಲ್ಲಿ ‘ಪ್ರಮಾಣ’ದ ಮೊದಲ ಅರ್ಥವನ್ನು ಸಾರ್ವಜನಿಕ ವೇದಿಕೆಗೆ ತಂದವರು ಭೌತವಿಜ್ಞಾನಿ, ಗಾಂಧೀವಾದಿ ಎಚ್. ನರಸಿಂಹಯ್ಯನವರು (1920-2005). ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ವೈಜ್ಞಾನಿಕ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಒಪ್ಪಬಾರದೆಂಬುದಷ್ಟೇ ಅವರ ಆಗ್ರಹವಾಗಿತ್ತು. ಅದಕ್ಕೆ ಎದುರಾದ ವಿರೋಧ ಮಾತ್ರ ವ್ಯಾಪಕವಾಗಿತ್ತು. ಪ್ರಶ್ನೆಯನ್ನೇ ನಿಂದೆಯೆಂದು ಪರಿಗಣಿಸುವ ವಾತಾವರಣವೂ ನಿರೀಶ್ವರವಾದಿಯ ಬೇಸರಕ್ಕೆ ಒಂದು ಕಾರಣವೆಂಬುದನ್ನು ಇಲ್ಲಿ ಗಮನಿಸಬೇಕು.

5

ಕಾನೂನಿನ ದೃಷ್ಟಿಯಿಂದ ಪ್ರಶ್ನೆ ಬಹುಮಟ್ಟಿಗೆ ಪರಿಹಾರವಾಗಿದೆ. 1969ರ ಪ್ರಮಾಣ ಕಾಯಿದೆ ಸಾಕ್ಷಿಯ ಮತವನ್ನು ಗಣಿಸದೆ ಪ್ರಮಾಣದ ಬದಲು ದೃಢೀಕರಣವನ್ನು ಆರಿಸಿಕೊಳ್ಳುವ ಅವಕಾಶ ನೀಡಿತು. ಸರಕಾರಿ ನಮೂನೆಗಳಲ್ಲಿ ಮತವನ್ನು ಘೋಷಿಸುವಂತೆ ಯಾರನ್ನೂ ಬಲವಂತಪಡಿಸಲಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಆದರೆ 2011ರ ಜನಗಣತಿಯಲ್ಲಿ ‘ಮತ ತಿಳಿಸದವರು’ ಎಂಬ ಶೀರ್ಷಿಕೆಯಡಿ ಕಾಣುವ ಸುಮಾರು 28.7 ಲಕ್ಷ ಜನರಲ್ಲಿ ಉತ್ತರಿಸದೆ ಬಿಟ್ಟವರೆಷ್ಟು, ಮತವಿಲ್ಲವೆಂದೇ ಉತ್ತರಿಸಲಿಚ್ಛಿಸಿದವರೆಷ್ಟು ಎಂಬುದನ್ನು ಆ ಶೀರ್ಷಿಕೆ ತಿಳಿಸುವುದಿಲ್ಲ. ಇಲ್ಲವೆಂಬುದೂ ಒಂದು ಉತ್ತರವೆಂದು ಎಣಿಸಲು ನಮೂನೆಗಳು ಇನ್ನೂ ಪೂರ್ಣವಾಗಿ ಕಲಿತಿಲ್ಲ. ಹಕ್ಕು ಕಾಯಿದೆಯಲ್ಲಿದೆ; ಅದನ್ನು ಕೇಳಿ ಪಡೆಯುವ, ಕೇಳುವಾಗ ಹತ್ತು ಜನರ ಕಣ್ಣಿಗೆ ಬೀಳುವ ಹೊರೆ ಮಾತ್ರ ನಿರೀಶ್ವರವಾದಿಯ ಮೇಲೆಯೇ ಉಳಿದಿದೆ.

ಈ ಪರಿಶೀಲನೆಯಿಂದ ಎರಡು ಅಂಶಗಳು ಹೊರಪಡುತ್ತವೆ. ಒಂದು, ನಾವು ನೋಡಿದ ನಿದರ್ಶನಗಳಲ್ಲಿ ನಿರೀಶ್ವರವಾದಿ ಕೇಳಿದ್ದು ಅನ್ಯರ ಪ್ರಮಾಣವನ್ನು ಅಳಿಸಬೇಕೆಂದಲ್ಲ, ತನ್ನ ಮಾತನ್ನೂ ಮಾತೆಂದು ಎಣಿಸಬೇಕೆಂದು. ಎರಡು, ಆ ಬೇಡಿಕೆ ಈಡೇರಿದಲ್ಲೆಲ್ಲ ಆಸ್ತಿಕರ ನೆರವಿತ್ತು: ಕ್ವೇಕರರು, ಗ್ಲ್ಯಾಡ್‌ಸ್ಟನ್, ಥಾಣು ಪಿಳ್ಳೈ, ಗಾಂಧಿ. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಒಕ್ಕಣೆಗಳು ಈ ದೀರ್ಘ ಸಹಯೋಗದ ಫಲ. ಮಾನುಷ ಪ್ರಮಾಣಕ್ಕೆ ಮೊದಲ ಸ್ಥಾನವಿತ್ತ ಕಲ್ಯಾಣದ ವ್ಯಾಖ್ಯಾನಕಾರನಿಗೆ ಈ ವ್ಯವಸ್ಥೆ ತೀರ ಅಪರಿಚಿತವೆನಿಸುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ.