ಮೈಸೂರಿನ ಪಾರಂಪರಿಕ ಕಟ್ಟಡಗಳು: ಅರಮನೆಯ ಆಚೆಗೆ

ಮೈಸೂರಿಗೆ ಬರುವ ಪ್ರವಾಸಿಗರು ಮೊದಲು ಹೋಗುವುದು ಅರಮನೆಗೆ. ಹೆನ್ರಿ ಇರ್ವಿನ್ ವಿನ್ಯಾಸದಂತೆ 1912ರಲ್ಲಿ ಪೂರ್ಣಗೊಂಡ ಈ ಸೌಧಕ್ಕೆ ಆರೈಕೆಯ ಕೊರತೆಯಿಲ್ಲ. ಅಲ್ಲಿಂದ ನಡಿಗೆಯ ದೂರದಲ್ಲಿರುವ ಚಿಕ್ಕಗಡಿಯಾರದ ಸುತ್ತಲಿನ ಕಟ್ಟಡಗಳ ಕಥೆ ಬೇರೆ.

ವೈಸ್‌ರಾಯ್ ಲ್ಯಾನ್ಸ್‌ಡೌನ್ ಹೆಸರು ಹೊತ್ತ ಕಟ್ಟಡ 1892ರದು. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ ಇದರ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಅಸುನೀಗಿದರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಉರುಳಿತು, ಜೀವಹಾನಿಯಾಗಲಿಲ್ಲ. ಕೆಡವಿ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಬೇಕೆ, ಇರುವುದನ್ನೇ ಬಲಪಡಿಸಬೇಕೆ ಎಂಬ ವಿವಾದ ಅಂದಿನಿಂದ ತಜ್ಞರ ಸಮಿತಿಗಳನ್ನು ದಾಟಿ ಹೈಕೋರ್ಟ್‌ವರೆಗೂ ಹೋಯಿತು.

ಇಂಥ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಗಾರೆಯ ಗೋಡೆ ತೇವವನ್ನು ಹೀರಿಕೊಂಡು ಮತ್ತೆ ಹೊರಬಿಡುತ್ತದೆ. ಸಿಮೆಂಟ್ ತೇಪೆ ಹಾಕಿದರೆ ನೀರು ಒಳಗೇ ಉಳಿದು ಇಟ್ಟಿಗೆ ಸಡಿಲಗೊಳ್ಳುತ್ತದೆ. ಬಿರುಕಿನಲ್ಲಿ ಚಿಗುರಿದ ಅರಳಿಯ ಬೇರು ಉಳಿದ ಕೆಲಸ ಮುಗಿಸುತ್ತದೆ. ಆದ್ದರಿಂದ ದುರಸ್ತಿಗೆ ಹಣದಷ್ಟೇ ಗಾರೆ ಅರಿತ ಮೇಸ್ತ್ರಿಗಳೂ ಅಗತ್ಯ.

ದೇವರಾಜ ಮಾರುಕಟ್ಟೆಯಲ್ಲಿ ಪ್ರವಾಸಿಗರು ಛಾಯಾಚಿತ್ರ ತೆಗೆಯುವುದು ಗೋಡೆಗಳನ್ನಲ್ಲ. ಕುಂಕುಮದ ರಾಶಿಗಳನ್ನು, ಮಲ್ಲಿಗೆಯ ಮಾರುಗಳನ್ನು. ವ್ಯಾಪಾರಿಗಳನ್ನು ತೆರವುಗೊಳಿಸಿ ಬರಿದಾದ ಕಮಾನುಗಳನ್ನು ಉಳಿಸಿಕೊಂಡರೆ ಅದು ಮಾರುಕಟ್ಟೆಯೆನಿಸದು. ಆದರೆ ಅಪಾಯದ ಸೂರಿನಡಿ ಅವರನ್ನು ಕೂರಿಸುವುದೂ ಸಲ್ಲದೆಂಬುದನ್ನು ಲ್ಯಾನ್ಸ್‌ಡೌನ್ ದುರಂತ ತೋರಿಸಿದೆ. ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಈ ಮಾರುಕಟ್ಟೆಯ ಪಕ್ಕದಲ್ಲೇ ಇದೆ.